ತೂತಿಲ್ಲದ ಬಾಗಿಲು

ಸಂಜೆ ಆರೂ ಹತ್ತಕ್ಕೆ ಅಕ್ಕನ ಬಾಗಿಲಿಗೆ ಬಾಣ ಬಂದು ನಾಟಿತು. ಬೆಳಿಗ್ಗೆ ಮರಳುಗಾಡಿನಲ್ಲಿ ಆಕೆಯೇ ಒಂದು ಗಂಡು ಜಿಂಕೆಯ ಮೇಲೆ ಬಿಟ್ಟಿದ್ದ ಬಾಣ ಅದು. ನಾನು ಒಳಗೆ ಗೋಡೆಗೆ ಒರಗಿ ಚಹಾ ಕುಡಿಯುತ್ತಿದ್ದೆ. ಹಲಗೆ ಸೀಳಿಕೊಂಡು ಅದರ ಮೊನೆ ಒಂದು ಬೆರಳುದ್ದ ಒಳಗೆ ಬಂದು ನಿಂತಿತು. ಭಾವ ಮುದುಕಪ್ಪ ಹಿತ್ತಲಿನಿಂದಲೇ, "ಬಂತೇನು?" ಎಂದು ಕೇಳಿದ. "ಬಂತು," ಎಂದಳು ಅಕ್ಕ, ಹಾಲಿನವಳು ಬಂದಳು ಎನ್ನುವ ಧಾಟಿಯಲ್ಲಿ. ಆಮೇಲೆ ದೀಪ ಹಿಡಿದು ಬಾಗಿಲು ನೋಡಿದಳು. ಮೇಲಿನಿಂದ ಕೆಳಗಿನವರೆಗೆ ಹೊಸದೊಂದು ಬಿರುಕು ಬಿಟ್ಟಿತ್ತು. ಮರುದಿನ ಬಡಗಿ ಬಂದು ಹಲಗೆಗೆ ಕಿವಿಯಿಟ್ಟು ನೋಡಿ, ಇನ್ನೊಂದು ಬಾಣವನ್ನು ಇದು ತಡೆಯುವುದಿಲ್ಲ, ಬಡಿಯುವವರಿಗೂ ಮೆಲ್ಲಗೆ ಬಡಿಯಲು ಹೇಳಿ ಎಂದು ಹೇಳಿ ಹೋದ.

ನಮ್ಮ ಊರಿನಲ್ಲಿ, ಜಿಂಕೆಗಳ ಬೆದೆಗಾಲ ಕೂಡಿಬರುವ ಮೊದಲು ಬಿಟ್ಟ ಬಾಣ ಜಿಂಕೆಗೆ ತಗಲುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಬಿಟ್ಟವರ ಬಾಗಿಲಿಗೆ ಬಂದು ನಾಟುತ್ತದೆ. ಬೆದೆಗಾಲ ಮುಗಿದ ಮೇಲೆ ಬಿಟ್ಟದ್ದೂ ಹಾಗೆಯೇ. ನಡುವಿನ ಕೆಲವೇ ದಿನಗಳಲ್ಲಿ ಬಿಟ್ಟದ್ದು ಮಾತ್ರ ಜಿಂಕೆಯ ಮೈಯಲ್ಲಿ ಉಳಿಯುತ್ತದೆ. ಆ ದಿನಗಳಿಗೆ ನಾವು ಹದ ಎನ್ನುತ್ತೇವೆ. ಬಾಣ ಹೊರಟ ಕೂಡಲೇ ಜಿಂಕೆ ಹಾರಿ ಪೊದೆ ಸೇರುತ್ತದೆ, ಬಾಣವೂ ಕಣ್ಣಿಗೆ ಕಾಣದಾಗುತ್ತದೆ. ತಗಲಿತೋ ಇಲ್ಲವೋ ಎಂದು ಬೆನ್ನು ಹತ್ತಿ ನೋಡುವುದು ನಮ್ಮಲ್ಲಿ ಪದ್ಧತಿಯಲ್ಲ. ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಪಕ್ಕಕ್ಕೆ ಸರಿದು ಕುಳಿತುಕೊಳ್ಳಬೇಕು. ದೀಪ ಹಚ್ಚಿದ ಮೇಲೂ ಬಾಗಿಲು ಸುಮ್ಮನಿದ್ದರೆ ಮರುದಿನ ಬೆಳಿಗ್ಗೆ ಚೂರಿ ಹಿಡಿದು ಹೊರಡಬಹುದು.

ಹೀಗೆ ಮರಳಿ ಬರುವ ಬಾಣ ಈವರೆಗೆ ಯಾವ ಮನುಷ್ಯನಿಗೂ ತಾಗಿದ್ದಿಲ್ಲ. ಒಂದು ಆಡಿನ ಕಿವಿ ಹರಿದದ್ದು ನಿಜ, ಆದರೆ ಆ ಆಡು ಎಲ್ಲದಕ್ಕೂ ಮೂಗು ತೂರಿಸುತ್ತಿತ್ತೆಂದು ಓಣಿಯ ಇಬ್ಬರು ಬೇರೆ ಬೇರೆಯಾಗಿ ಹೇಳಿದ್ದಾರೆ. ಆದರೂ ಬೇಟೆಯ ಹಂಗಾಮಿನಲ್ಲಿ ಸಂಜೆ ಹೊತ್ತು ಯಾರೂ ಮುಂಬಾಗಿಲಿಗೆ ಬರುವುದಿಲ್ಲ. ನೆಂಟರೂ ಅಂಚೆಯವನೂ ಹಿತ್ತಲಿನಿಂದಲೇ ಕೂಗುತ್ತಾರೆ. ಹೆಣ್ಣು ಕೊಡುವವರು ಗಂಡಿನ ಮನೆಗೆ ಬಂದರೆ, ಮೊದಲು ಒಂದು ಪೊರಕೆಕಡ್ಡಿಯನ್ನು ಬಾಗಿಲಿನ ತೂತುಗಳಲ್ಲಿ ಆಡಿಸಿ, ಅವು ಹುಡುಗನ ಕಾಲದವೋ ಅವನ ಅಜ್ಜನ ಕಾಲದವೋ ಎಂದು ನೋಡುತ್ತಾರೆ. ತೂತಿಗೆ ಮೇಣ ತುಂಬಿ ಮುಚ್ಚುವವರೂ ಇದ್ದಾರೆ. ತಲೆಗೂದಲಿಗೆ ಬಣ್ಣ ಹಚ್ಚಿಕೊಂಡ ಹಾಗೆ ಅದು, ಎಲ್ಲರಿಗೂ ಗೊತ್ತಾಗುತ್ತದೆ, ಯಾರೂ ಹೇಳುವುದಿಲ್ಲ.

ಒಂದು ಮನೆಗೆ ಒಂದು ಬಿಲ್ಲು, ಒಂದು ಹಂಗಾಮಿಗೆ ಒಂದು ಬಾಣ. ಬಾಣ ತಗಲಿಯೇ ಬಾಗಿಲು ಮುರಿದರೆ ಆ ಮನೆಯ ಬಿಲ್ಲನ್ನು ತಂದು ಚಾವಡಿಯ ಗೋಡೆಗೆ ತೂಗುಹಾಕಬೇಕು. ಆ ಮನೆಯವರು ಮತ್ತೆ ಬೇಟೆಗೆ ಹೋಗುವಂತಿಲ್ಲ. ಬೇರೆ ಯಾವುದರಿಂದ ಮುರಿದರೂ, ಬೆಂಕಿಯಾಗಲಿ ಗೆದ್ದಲಾಗಲಿ, ಹೊಸ ಬಾಗಿಲು ಹಾಕಿಸಿಕೊಳ್ಳಬಹುದು. ಇನ್ನೊಬ್ಬರ ಬಾಗಿಲು ಮುರಿದವನು ತನ್ನ ಬಾಗಿಲನ್ನು ಬಿಚ್ಚಿ ಕೊಡಬೇಕೆಂದೂ ಒಂದು ಕಟ್ಟಳೆ ಇದೆ. ಕುಡಿದವರ ಜಗಳ ಕಡಿಮೆಯಾಗಲಿ ಎಂದು ಮಾಡಿದ್ದಂತೆ. ಈ ಕಟ್ಟಳೆಗಳನ್ನು ದಾಟಲು ನೋಡಿದವರು ಇಲ್ಲವೆಂದಲ್ಲ. ಒಬ್ಬ ಡಬ್ಬಿಯಲ್ಲಿ ಗೆದ್ದಲು ತಂದು ಬಾಗಿಲಿಗೆ ಬಿಟ್ಟ. ಅವು ಬಾಗಿಲು ಬಿಟ್ಟು ಮಂಚ ತಿಂದವು. ಇನ್ನೊಬ್ಬ ಬಾಗಿಲನ್ನೇ ಬಿಚ್ಚಿ ಮಾವನ ಮನೆಯ ಅಟ್ಟದಲ್ಲಿ ಬಚ್ಚಿಟ್ಟ. ಬಾಣ ಇವನ ಮನೆಯ ಮುಂದೆ ಹಾದು, ಮಾವನ ಮನೆಯ ಕಿಟಕಿ ಹೊಕ್ಕು, ಅಟ್ಟ ಹತ್ತಿ ಅದೇ ಬಾಗಿಲಿಗೆ ನಾಟಿತು. ಮಾವ ಆಗ ಊಟಕ್ಕೆ ಕುಳಿತಿದ್ದ.

ನನ್ನ ಅಕ್ಕನ ಹೆಸರು ತುಳಜವ್ವ. ಆಕೆ ಬೇಟೆಯಾಡುತ್ತಾಳೆ, ಭಾವ ತೊಗಲು ಹದಮಾಡಿ ಚೀಲ ಹೊಲಿಯುತ್ತಾನೆ. ಜಿಂಕೆ ಸಿಕ್ಕ ವರ್ಷ ಅವರ ಅಂಗಳದಲ್ಲಿ ಹಗ್ಗದ ತುಂಬ ಮಾಂಸದ ಪಟ್ಟಿಗಳು ಒಣಗುತ್ತವೆ. ಸಿಗದ ವರ್ಷ ಅಕ್ಕ ಬೇರೆಯವರ ಅಂಗಳದಲ್ಲಿ ಬೇರೆಯವರ ಮಾಂಸ ಕೊಯ್ದು ಕೊಡಲು ಹೋಗುತ್ತಾಳೆ, ಭಾವ ಹಳೆಯ ಚೀಲಗಳಿಗೆ ತೇಪೆ ಹಾಕುತ್ತಾನೆ. ಈಚಿನ ವರ್ಷಗಳೆಲ್ಲ ಸಿಗದ ವರ್ಷಗಳೇ. ಇನ್ನೊಬ್ಬರ ಅಂಗಳದಲ್ಲಿ ಕುಳಿತು ಕೊಯ್ಯುವುದು ಕಷ್ಟವಲ್ಲ, ಬಾಯಿ ಮುಚ್ಚಿಕೊಂಡು ಕೊಯ್ಯಬೇಕಲ್ಲ ಅದು ಕಷ್ಟ ಎಂದು ಆಕೆ ಹೇಳುತ್ತಿದ್ದಳು. ಈಗ ಬಿಲ್ಲು ಚಾವಡಿಗೆ ಹೋಯಿತೆಂದರೆ ಸಾಯುವವರೆಗೆ ಅದೇ ಗತಿ. ಅವ್ವನಿಂದ ಬಂದ ಬಿಲ್ಲು ಬೇರೆ.

ಹದ ಯಾವಾಗ ಎಂದು ಊರಿಗೆ ಹೇಳುತ್ತಿದ್ದವರು ಅಡಿವೆಪ್ಪನವರು. ಅವರ ಬಾಗಿಲಿನಲ್ಲಿ ಒಂದೂ ತೂತಿರಲಿಲ್ಲ. ಹಬ್ಬದ ದಿನ ಜನ ಬಂದು ಆ ಬಾಗಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಎಣ್ಣೆ ತಿಕ್ಕಿ ತಿಕ್ಕಿ ಅದರಲ್ಲಿ ಮುಖ ಕಾಣುತ್ತಿತ್ತು. ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಮರಳುಗಾಡಿನ ಕಡೆಯಿಂದ ಜಿಂಕೆಗಳು ಕೊಂಬಿಗೆ ಕೊಂಬು ಹಚ್ಚುವ ಸದ್ದು ಕೇಳಿಸುತ್ತದೆ. ಅಡಿವೆಪ್ಪನವರು ಕಟ್ಟೆಯ ಮೇಲೆ ಕುಳಿತು ಅದನ್ನು ಕೇಳಿ, ತಲೆದೂಗಿ, ನಾಳೆಯಿಂದ ಹದ ಎನ್ನುತ್ತಿದ್ದರು. ಅದನ್ನು ಬರೆದುಕೊಂಡು ಬಂದು ಪತ್ರಿಕೆಯಲ್ಲಿ ಹಾಕುವುದು ನನ್ನ ಕೆಲಸ. ಊರಿನಲ್ಲಿ ಇರುವುದು ಒಂದೇ ಪತ್ರಿಕೆ, ಅದರಲ್ಲಿ ಇರುವವನು ನಾನೊಬ್ಬನೇ ವರದಿಗಾರ. ಮರುದಿನ ಊರಿಗೆ ಊರೇ ಬಾಣ ಬಿಟ್ಟು ಬರುತ್ತಿತ್ತು. ಸಂಜೆ ಹೆಚ್ಚುಕಡಿಮೆ ಎಲ್ಲ ಬಾಗಿಲುಗಳೂ ಸದ್ದು ಮಾಡುತ್ತಿದ್ದವು. ಯಾರೂ ಅಡಿವೆಪ್ಪನವರನ್ನು ಬೈದದ್ದು ನಾನು ಕೇಳಿಲ್ಲ. ತಾವೇ ಒಂದು ಗಳಿಗೆ ತಡಮಾಡಿದೆವೆಂದೋ, ಎಡಗಾಲು ಮುಂದಿಟ್ಟು ಹೊರಟೆವೆಂದೋ ಹೇಳಿಕೊಳ್ಳುತ್ತಿದ್ದರು. ತೂತಿಲ್ಲದ ಬಾಗಿಲಿನವರು ತಪ್ಪು ಹೇಳುವುದು ಸಾಧ್ಯವಿರಲಿಲ್ಲ.

ಅಕ್ಕನ ಬಾಗಿಲು ಬಿರುಕುಬಿಟ್ಟ ಮುಂದಿನ ಹಂಗಾಮಿಗೆ ಸ್ವಲ್ಪ ಮೊದಲು, ನಮ್ಮ ಸಂಪಾದಕರು ಅಡಿವೆಪ್ಪನವರ ಮೇಲೆ ಒಂದು ಪುಟದ ಲೇಖನ ಬೇಕೆಂದರು. ತಲೆಬರಹವನ್ನು ಅವರೇ ಬರೆದಿಟ್ಟಿದ್ದರು: ಒಂದೂ ತೂತಿಲ್ಲದ ಬದುಕು. ನನಗೆ ಬೇಕಾದದ್ದು ಒಂದೇ ಸಂಗತಿ, ಅವರು ಮೊದಲ ಜಿಂಕೆ ಹೊಡೆದದ್ದು ಯಾವ ವರ್ಷ. ಮೊದಲ ಸಲ ಕೇಳಿದಾಗ ಅವರು ಮಳೆಯ ವಿಚಾರ ಮಾತಾಡಿದರು. ಎರಡನೆಯ ಸಲ ಈಗಿನವರ ಕೈಯಲ್ಲಿ ಬಲವಿಲ್ಲ ಎಂದರು. ಮೂರನೆಯ ಸಲ ಹೋದಾಗ ಅವರು ಸ್ನಾನಕ್ಕೆ ಹೋಗಿದ್ದರು. ಅವರ ಹೆಂಡತಿ ಶಿವಗಂಗವ್ವ ನನ್ನನ್ನು ಒಳಗೆ ಕರೆದು ಕೂರಿಸಿದರು. ಒಳಗೋಡೆಗೆ ಬಿಲ್ಲನ್ನು ಅಡ್ಡಲಾಗಿ ತೂಗುಹಾಕಿತ್ತು. ಅದರ ಹೆದೆಯ ಉದ್ದಕ್ಕೂ ಶಾವಿಗೆ ಒಣಗುತ್ತಿತ್ತು.

ಈ ಬಿಲ್ಲು ಹಂಗಾಮಿನಲ್ಲಿ ಬೇಟೆಗೆ ಹೋದಾಗ ಶಾವಿಗೆ ಎಲ್ಲಿ ಒಣಗಿಸುತ್ತೀರಿ ಎಂದು, ಸುಮ್ಮನೆ ಮಾತಿಗೆಂದು ಕೇಳಿದೆ.

"ಅದು ಎಲ್ಲಿ ಹೊಕ್ಕೈತಿ?" ಎಂದರು ಆಕೆ. "ನಾ ಈ ಮನಿಗೆ ಬಂದಾಗಿಂದ ಅಲ್ಲೇ ಐತಿ. ಇವರು ಹುಟ್ಟಿದಾಗಿಂದ ಅಲ್ಲೇ ಇತ್ತಂತ ನಮ್ಮತ್ತಿ ಹೇಳ್ತಿದ್ದರು."

ಅಷ್ಟರಲ್ಲಿ ಅಡಿವೆಪ್ಪನವರು ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದರು. ನಾನು ನೇರವಾಗಿಯೇ ಕೇಳಿದೆ, ನೀವು ಒಂದಾದರೂ ಬಾಣ ಬಿಟ್ಟಿದ್ದೀರಾ ಎಂದು. ಅವರು ಹೆಂಡತಿಯ ಕಡೆ ನೋಡಿದರು, ಶಾವಿಗೆಯ ಕಡೆ ನೋಡಿದರು, ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತರು. ನಾಚಿಕೆಯ ಸುಳಿವೂ ಮುಖದಲ್ಲಿರಲಿಲ್ಲ.

"ಬಿಟ್ಟಿದ್ರ ಒಂದಿಲ್ಲೊಂದು ಸಲ ತಪ್ಪತಿತ್ತು," ಎಂದರು. "ತಪ್ಪಿದ್ರ ಬಾಗಲಕ್ಕ ತೂತು. ತೂತಿನ ಬಾಗಲದವನ ಮಾತು ಈ ಊರಾಗ ಯಾರು ಕೇಳ್ತಾರ? ಊರಿನ ಸಲುವಾಗಿ ನಾ ಕೈಕಟ್ಟಿ ಕುಂತೀನಿ. ಬರಕೋ ಇದನ್ನ."

ಬರೆದುಕೊಂಡೆ. ಸಂಪಾದಕರು ಅದನ್ನು ಎರಡು ಸಲ ಓದಿ, ಇದು ಹೊಗಳಿಕೆಯೋ ತೆಗಳಿಕೆಯೋ ಎಂದು ಕೇಳಿದರು. ಅವರು ಹೇಳಿದ್ದು ಇಷ್ಟು ಎಂದೆ. ತಲೆಬರಹ ಬದಲಾಯಿಸದೆ ಅಚ್ಚು ಹಾಕಿದರು. ಊರು ಕೆಂಡವಾಗುತ್ತದೆ ಎಂದುಕೊಂಡಿದ್ದೆ. ಚಹಾದಂಗಡಿಯಲ್ಲಿ ಇಡೀ ಬೆಳಗು ಕುಳಿತು ಕೇಳಿಸಿಕೊಂಡೆ. ಬಾಣ ಬಿಡದವರ ಬಾಗಿಲಿಗೆ ತೂತು ಬೀಳುವುದಿಲ್ಲ, ಸರಿ, ಆದರೆ ತೂತಿಲ್ಲ ಎಂಬುದೂ ಸರಿಯಲ್ಲವೇ ಎಂದು ಒಬ್ಬ ಕೇಳಿದ. ಉಳಿದವರು ಒಪ್ಪಿದರು. ಇಷ್ಟು ವರ್ಷ ಕೈ ತಡೆದುಕೊಂಡವರು ಸಾಮಾನ್ಯರಲ್ಲ ಎಂದು ಇನ್ನೊಬ್ಬ ಸೇರಿಸಿದ. ಹಬ್ಬಕ್ಕೆ ಬಾಗಿಲು ಮುಟ್ಟಲು ಬಂದವರ ಸಾಲು ಆ ವರ್ಷ ಇನ್ನೂ ಉದ್ದವಾಯಿತು.

ಅಕ್ಕ ಮಾತ್ರ ಆ ಪುಟವನ್ನು ಮಡಚಿ ಒಲೆಗೆ ಹಾಕಿದಳು. "ಅವನ ಮಾತು ಕೇಳಿ ನನ್ನ ಬಾಗಲಾ ಜರಡಿ ಆತು," ಎಂದಳು. "ಹಿಟ್ಟು ಸಾಣಿಸಬಹುದು ಅದರಾಗ. ಈಗ ಹೇಳು ತಮ್ಮಾ, ಯಾರ ಮಾತು ಕೇಳಲಿ?"

ನನಗೆ ಜಿಂಕೆ ಗೊತ್ತಿಲ್ಲ. ಜನರನ್ನು ಕೇಳುವುದು ಗೊತ್ತು. ಹಿಂದಿನ ಹಂಗಾಮಿನಲ್ಲಿ ಜಿಂಕೆ ಸಿಕ್ಕಿದ ಮನೆಗಳು ಕೆಲವೇ. ಒಂದೊಂದನ್ನೂ ಹತ್ತಿ ಇಳಿದು, ನೀವು ಬಾಣ ಬಿಟ್ಟದ್ದು ಯಾವಾಗ, ಯಾಕೆ ಎಂದು ಕೇಳಿದೆ. ಒಬ್ಬನಿಗೆ ಕಾಮಾಲೆಯಾಗಿತ್ತು, ಎದ್ದು ಓಡಾಡುವ ಹೊತ್ತಿಗೆ ಎಲ್ಲರದೂ ಮುಗಿದಿತ್ತು. ಒಬ್ಬಾಕೆ ಮಗಳ ಬಾಣಂತನದಲ್ಲಿದ್ದಳು. ವರ್ಷ ತಪ್ಪದೆ ಜಿಂಕೆ ತರುವವನು ಭರಮಣ್ಣ. ಊರಿನಲ್ಲಿ ಅವನಷ್ಟು ಸೋಮಾರಿ ಇನ್ನೊಬ್ಬನಿಲ್ಲ. ಸೋಮಾರಿಗಳ ಮೇಲೆ ದೇವರಿಗೆ ಏನೋ ಕನಿಕರ ಎಂದು ಜನ ಇದನ್ನು ವಿವರಿಸುತ್ತಿದ್ದರು. ನಾನು ಹೋದಾಗ ಅವನು ಮಲಗಿದ್ದ. ಮಲಗಿಯೇ ಉತ್ತರ ಕೊಟ್ಟ: ಮೊದಲ ದಿನ ಎಲ್ಲರೂ ನುಗ್ಗುತ್ತಾರೆ, ಗದ್ದಲ ಕಡಿಮೆಯಾಗಲಿ ಎಂದು ಮಲಗಿರುತ್ತೇನೆ, ಆಮೇಲೆ ಚಳಿ ಎಂದು ಮಲಗಿರುತ್ತೇನೆ, ಹೆಂಡತಿ ಬೈಯುವುದು ತಡೆಯಲಾರದಷ್ಟು ಆದಾಗ ಎದ್ದು ಹೋಗುತ್ತೇನೆ.

ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಅಡಿವೆಪ್ಪನವರ ಹದ ನಿಜವಾದ ಹದಕ್ಕಿಂತ ಮುಂಚೆ ಬರುತ್ತದೆ, ತಡಮಾಡಿದವರಿಗೆ ಸಿಗುತ್ತದೆ ಎಂದೆ. ಎಷ್ಟು ತಡ ಎಂದು ಕೇಳಿದಳು. ಅದು ನನಗೆ ಗೊತ್ತಿರಲಿಲ್ಲ. ಭರಮಣ್ಣನ ಹೆಂಡತಿ ಬೈಯಲು ಶುರುಮಾಡಿದಾಗ ಹೊರಟರಾಯಿತು ಎಂದು ಭಾವ ಹಿತ್ತಲಿನಿಂದ ಸಲಹೆ ಕೊಟ್ಟ. ಆಕೆ ಹೇಗೂ ವರ್ಷವಿಡೀ ಬೈಯುತ್ತಾಳೆ ಎಂದು ಅಕ್ಕ ಅದನ್ನು ತಳ್ಳಿಹಾಕಿದಳು. ಹೆಚ್ಚು ತಡವಾದರೂ ಬಾಣ ಬಾಗಿಲಿಗೇ ಬರುತ್ತದೆ, ಬಾಗಿಲು ಎರಡಾಗುತ್ತದೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಚಳಿ ಬಂತು. ಕೊಂಬಿನ ಸದ್ದು ಕೇಳಿಸಿತು. ಅಡಿವೆಪ್ಪನವರು ತಲೆದೂಗಿದರು, ನಾನು ಬರೆದೆ, ಊರು ಬಾಣ ಬಿಟ್ಟು ಬಂತು. ಆ ಸಂಜೆ ಅಕ್ಕ ಚಹಾ ಇಟ್ಟುಕೊಂಡು ಓಣಿಯ ಬಾಗಿಲುಗಳು ಒಂದೊಂದಾಗಿ ಸದ್ದು ಮಾಡುವುದನ್ನು ಕೇಳುತ್ತ ಕುಳಿತಿದ್ದಳು. ಇದು ಇಂಥವರದು, ಇದು ಇಂಥವರದು ಎಂದು ಸದ್ದಿನಿಂದಲೇ ಗುರುತು ಹಿಡಿದಳು. ಹಲಗೆ ಎಷ್ಟು ಟೊಳ್ಳೋ ಸದ್ದು ಅಷ್ಟು ದಪ್ಪ. ಸಂತೋಷಪಡಬಾರದು ಎಂದು ಎರಡು ಸಲ ತನಗೆ ತಾನೇ ಹೇಳಿಕೊಂಡು, ಇನ್ನೊಂದು ಲೋಟ ಚಹಾ ಬಗ್ಗಿಸಿಕೊಂಡಳು.

ಮರುದಿನದಿಂದ ಬೆಳಗಿನ ಜಾವ ನಾನೂ ಆಕೆಯ ಜೊತೆ ಮರಳುಗಾಡಿಗೆ ಹೋದೆ. ಒಣಹಳ್ಳದ ದಂಡೆಯಲ್ಲಿ ಜಾಲಿಪೊದೆಯ ಹಿಂದೆ ಹೊಟ್ಟೆ ಅಡಿಯಾಗಿ ಮಲಗುತ್ತಿದ್ದೆವು. ಕಣ್ಣ ಮುಂದೆ ಜಿಂಕೆಗಳಿದ್ದವು. ಗಂಡುಗಳ ಕುತ್ತಿಗೆ ಊದಿ ಹೆಗಲಷ್ಟು ದಪ್ಪವಾಗಿತ್ತು. ಕೊಂಬನ್ನು ಪೊದೆಗೆ ತಿಕ್ಕಿ ತಿಕ್ಕಿ ತೊಗಟೆ ಸುಲಿದಿದ್ದವು, ಕಾಲಿನಿಂದ ಮಣ್ಣು ಕೆರೆದು ಅದರ ಮೇಲೆ ಉಚ್ಚೆ ಹೊಯ್ದು, ತಾವೇ ಅದನ್ನು ಮೂಸಿ ಮೆಚ್ಚಿಕೊಳ್ಳುತ್ತಿದ್ದವು. ಎರಡು ಎಳೆಯ ಗಂಡುಗಳು ಕೊಂಬು ಹಚ್ಚಿ ತಳ್ಳಾಡುತ್ತಿದ್ದವು. ಒಂದು ನಮ್ಮಿಂದ ಕಲ್ಲೆಸೆಯುವಷ್ಟು ದೂರದಲ್ಲಿ, ಪಕ್ಕೆ ತೋರಿಸಿಕೊಂಡು ನಿಂತಿತು. ಇದಕ್ಕಿಂತ ಮದ ಇನ್ನೇನಿರುತ್ತದೆ, ಬಿಡು ಎಂದು ನಾನು ಅಕ್ಕನ ಕಿವಿಯಲ್ಲಿ ಹೇಳಿದೆ. ಆಕೆ ಹೆದೆ ಎಳೆದಿದ್ದಳು. ಆಮೇಲೆ ಮೆಲ್ಲಗೆ ಸಡಿಲಬಿಟ್ಟಳು.

"ಅಕಿನ್ನ ನೋಡು," ಎಂದಳು.

ನಾನು ಅಲ್ಲಿಯವರೆಗೆ ಹೆಣ್ಣುಗಳನ್ನು ನೋಡಿರಲೇ ಇಲ್ಲ. ಊರಿನಲ್ಲಿ ಯಾರೂ ನೋಡುತ್ತಿರಲಿಲ್ಲ. ಹದ ಎಂದರೆ ಕೊಂಬಿನ ಸದ್ದು, ಹೆಣ್ಣಿಗೆ ಕೊಂಬಿಲ್ಲ. ಅವು ಸ್ವಲ್ಪ ದೂರದಲ್ಲಿ ತಲೆ ತಗ್ಗಿಸಿ ಒಣಹುಲ್ಲು ಕೀಳುತ್ತಿದ್ದವು. ಗೆದ್ದ ಗಂಡು ಬಂದು ಒಂದರ ಹಿಂದೆ ಮೂಗು ಹಾಕಿತು. ಅದು ಎರಡು ಹೆಜ್ಜೆ ಮುಂದೆ ಹೋಗಿ, ಮತ್ತೆ ಹುಲ್ಲಿಗೆ ಬಾಯಿ ಹಾಕಿತು.

"ಮೇಯಾಕ ಹತ್ತ್ಯಾಳ," ಎಂದಳು ಅಕ್ಕ. "ಅಕಿಗೆ ಹಸಿವಿ ಆಗೈತಿ. ಇಂವ ಕುಣದ್ರ ಅಕಿಗೇನು? ನಾವು ಇಷ್ಟ ವರ್ಷ ಕುಣಿಯೋರ್ನ ನೋಡಿ ಬಾಣಾ ಬಿಟ್ಟೀವಿ."

ಆಕೆ ಆ ದಿನ ಬಿಡಲಿಲ್ಲ. ಮರುದಿನವೂ ಬಿಡಲಿಲ್ಲ. ದಿನಗಳು ಕಳೆದವು. ಭಾವನ ಬಳಿ ಹೊಲಿಯಲು ತೊಗಲಿರಲಿಲ್ಲ, ಸೂಜಿ ಉಜ್ಜುತ್ತ ಕುಳಿತಿರುತ್ತಿದ್ದ. ಇವತ್ತಾದರೂ ಬಿಡಬಾರದೇ ಎಂದು ಒಂದು ಬೆಳಿಗ್ಗೆ ಕೇಳಿದ್ದಕ್ಕೆ, ಬಾಗಿಲಿಗೆ ನಿನ್ನ ಬೆನ್ನು ಕೊಟ್ಟು ನಿಲ್ಲುವುದಾದರೆ ಬಿಡುತ್ತೇನೆ ಎಂದಳು. ಅವನು ಮತ್ತೆ ಸೂಜಿ ಎತ್ತಿಕೊಂಡ. ಅಷ್ಟರಲ್ಲಿ ಅಡಿವೆಪ್ಪನವರು ಹದ ಮುಗಿಯಿತೆಂದು ಹೇಳಿದರು. ಅದನ್ನೂ ನಾನೇ ಬರೆದುಕೊಂಡು ಬಂದೆ. ಬರೆಯುವಾಗ ಅವರು, ನಿಮ್ಮ ಅಕ್ಕ ಇನ್ನೂ ಬಾಣ ಬಿಟ್ಟಿಲ್ಲವಂತೆ, ಚಾವಡಿಯ ಗೋಡೆಯಲ್ಲಿ ಜಾಗ ಮಾಡಿಸಲೇ ಎಂದು ಕೇಳಿದರು. ಅದನ್ನು ಬರೆಯಬೇಕೇ ಎಂದು ನಾನು ಕೇಳಿದೆ. ಬೇಡ ಎಂದರು.

ಮುಗಿಯಿತು ಎಂದು ಅಚ್ಚಾದ ದಿನ ಬೆಳಿಗ್ಗೆ ಹಳ್ಳದಲ್ಲಿ ಎಳೆಯ ಗಂಡುಗಳು ಸುಸ್ತಾಗಿ ನಿಂತಿದ್ದವು. ತಳ್ಳಾಟವಿಲ್ಲ, ಸದ್ದಿಲ್ಲ. ಹೆಣ್ಣುಗಳಲ್ಲಿ ಒಂದು ಮೇಯುವುದನ್ನು ಬಿಟ್ಟು ಸುಮ್ಮನೆ ನಿಂತಿತ್ತು. ಬಾಯಿ ಆಡುತ್ತಿರಲಿಲ್ಲ. ಬಾಲ ಒಂದು ಕಡೆಗೆ ಸರಿದಿತ್ತು. ಅಕ್ಕ ನನ್ನ ಕೈ ಅದುಮಿದಳು. ಗುಡ್ಡದ ಕಡೆಯಿಂದ ಒಂದು ಮುದಿ ಗಂಡು ಇಳಿದು ಬರುತ್ತಿತ್ತು. ಅದನ್ನು ಈ ಹಂಗಾಮಿನಲ್ಲಿ ನಾವು ಒಮ್ಮೆಯೂ ಕಂಡಿರಲಿಲ್ಲ. ಮೂತಿ ನರೆತಿತ್ತು, ಒಂದು ಕೊಂಬಿನ ತುದಿ ಮುರಿದಿತ್ತು. ಮದುವೆಯ ಮನೆಗೆ ಸರಿಯಾಗಿ ಊಟದ ಹೊತ್ತಿಗೆ ಬರುವ ಹಿರಿಯರ ಹಾಗೆ, ಆಚೆ ಈಚೆ ನೋಡದೆ, ಕುತ್ತಿಗೆ ಚಾಚಿ, ಮೂಗನ್ನು ನೆಲಕ್ಕೆ ಹಚ್ಚಿಕೊಂಡು ಬಂತು. ಎಳೆಯವು ದಾರಿ ಬಿಟ್ಟವು. ಅದು ಹೆಣ್ಣು ನಿಂತ ಜಾಗವನ್ನು ಮೂಸಿ, ತಲೆ ಎತ್ತಿ, ಮೇಲ್ದುಟಿಯನ್ನು ಹಿಂದಕ್ಕೆ ಮಡಚಿ ನಿಂತಿತು. ಹೆಣ್ಣು ಈ ಸಲ ಮುಂದೆ ಹೋಗಲಿಲ್ಲ.

ಅಕ್ಕ ಎದ್ದು ನಿಂತೇ ಹೆದೆ ಎಳೆದಳು. ಮುದಿ ಗಂಡು ಇತ್ತ ನೋಡಲಿಲ್ಲ. ಬೇರೆ ದಿನವಾಗಿದ್ದರೆ ಆಕೆ ಮೊಳಕಾಲು ಎತ್ತುವ ಮೊದಲೇ ಅದು ಗುಡ್ಡ ದಾಟಿರುತ್ತಿತ್ತು. ಬಾಣ ಹೋಯಿತು. ಮುದಿ ಗಂಡು ಒಮ್ಮೆ ಹಾರಿ, ಪೊದೆ ದಾಟಿ ಕಾಣದಾಯಿತು. ಬಾಣವೂ ಕಾಣಲಿಲ್ಲ. ಎಲ್ಲ ಸಲದಂತೆಯೇ. ಬೆನ್ನು ಹತ್ತದೆ ಮನೆಗೆ ಬಂದೆವು.

ಸಂಜೆಯ ಹೊತ್ತಿಗೆ ಓಣಿಯ ಎರಡೂ ಬದಿಗೆ ಜನ ಸೇರಿದ್ದರು. ಹದ ಮುಗಿದ ಮೇಲೆ ತುಳಜವ್ವ ಬಾಣ ಬಿಟ್ಟಿದ್ದಾಳೆ, ಬಾಗಿಲು ಎರಡಾಗುತ್ತದೆ ಎಂದು ಸುದ್ದಿ ಹಬ್ಬಿತ್ತು. ಹುರಿದ ಶೇಂಗಾ ಮಾರುವವನೂ ಬಂದಿದ್ದ. ಭರಮಣ್ಣ ಕೂಡ ಎದ್ದು ಬಂದಿದ್ದನೆಂದರೆ ಸಂಗತಿ ಎಷ್ಟು ದೊಡ್ಡದೆಂದು ತಿಳಿಯಬಹುದು. ಚಾವಡಿಯ ಹಿರಿಯರು ಎದುರುಮನೆಯ ಕಟ್ಟೆಯ ಮೇಲೆ ಕುಳಿತಿದ್ದರು, ನಡುವೆ ಅಡಿವೆಪ್ಪನವರು. ಬಾಗಿಲಿನ ತೂತುಗಳಿಂದ ನಾನು ಇದನ್ನೆಲ್ಲ ನೋಡುತ್ತಿದ್ದೆ. ಅಕ್ಕ ಎಳೆದು ಪಕ್ಕಕ್ಕೆ ಕೂರಿಸಿದಳು. ಬಿಲ್ಲನ್ನು ಆಕೆ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಯಾವತ್ತೂ ಈ ಹೊತ್ತಿಗೆ ಹಿತ್ತಲಿನಲ್ಲಿರುವ ಭಾವ ಒಳಗೆ ಬಂದು ಆಕೆಯ ಪಕ್ಕ ಕುಳಿತ.

ಹೊರಗೆ ಬೆಳಕು ಇಳಿಯಿತು. ತೂತುಗಳಲ್ಲಿ ಮೊದಲು ಕೆಂಪು ಕಂಡಿತು, ಆಮೇಲೆ ಬೂದು, ಆಮೇಲೆ ಏನೂ ಕಾಣಲಿಲ್ಲ. ಪಕ್ಕದ ಮನೆಯಲ್ಲಿ ದೀಪ ಹಚ್ಚಿದರು. ಭಾವ ಕಡ್ಡಿ ಗೀರಲು ಹೋದರೆ ಎರಡು ಕಡ್ಡಿ ಆರಿದವು. ಅಕ್ಕ ಡಬ್ಬಿ ಕಸಿದುಕೊಂಡು ತಾನೇ ಹಚ್ಚಿದಳು. ದೀಪ ಉರಿಯತೊಡಗಿತು. ಬಾಗಿಲು ಸುಮ್ಮನಿತ್ತು. ಹೊರಗೆ ಶೇಂಗಾ ತಿನ್ನುವ ಸದ್ದು ನಿಂತಿತು.

ಆಗ ಅಡಿವೆಪ್ಪನವರ ದನಿ ಕೇಳಿಸಿತು. ಬಾಣ ಬಂದಿರಲೇಬೇಕು, ಈ ಬಾಗಿಲಿನಲ್ಲಿ ಹಲಗೆಗಿಂತ ತೂತು ಹೆಚ್ಚು, ಇರುವ ತೂತಿನಲ್ಲೇ ಸದ್ದಿಲ್ಲದೆ ಹೊಕ್ಕು ಒಳಗೆ ಬಿದ್ದಿದೆ, ಇವರು ಮುಚ್ಚಿಟ್ಟಿದ್ದಾರೆ ಎಂದು ಅವರು ಹಿರಿಯರಿಗೆ ವಿವರಿಸುತ್ತಿದ್ದರು. ವಾದ ತಳ್ಳಿಹಾಕುವಂಥದ್ದಲ್ಲ. ಕೆಲವರು ಹೌದೆಂದರು. ಹೆಜ್ಜೆ ಸಪ್ಪಳ ಓಣಿ ದಾಟಿ ಬಂತು.

"ತಗಿ ತುಳಜವ್ವಾ," ಎಂದರು ಅಡಿವೆಪ್ಪನವರು. "ಒಳಗ ನೋಡಬೇಕು."

"ಮೆಲ್ಲಗ ಬಡೀರಿ ಯಜಮಾನ್ರ," ಎಂದಳು ಅಕ್ಕ, ಏಳುತ್ತ. "ಬಡಗಿ ಹೇಳ್ಯಾನ."

ಅವರು ಎರಡೂ ಮುಷ್ಟಿಯಿಂದ ಬಡಿದರು. ಬಾಗಿಲು ಬಿರುಕಿನ ಉದ್ದಕ್ಕೂ ಎರಡಾಯಿತು. ಒಂದು ಅರ್ಧ ಒಳಗೆ ಬಿತ್ತು. ಇನ್ನೊಂದು ಅರ್ಧ ಒಂದು ಕೀಲಿಗೆ ಜೋತುಬಿದ್ದು ತೂಗಿತು. ಅಡಿವೆಪ್ಪನವರು ಮುಷ್ಟಿ ಎತ್ತಿಕೊಂಡೇ ಹೊಸ್ತಿಲಲ್ಲಿ ನಿಂತಿದ್ದರು. ಹಿರಿಯರು ದೀಪ ತಂದು ಮೂಲೆ ಮೂಲೆ ಹುಡುಕಿದರು. ಹಾಸಿಗೆ ಕೊಡವಿದರು, ಹಿಟ್ಟಿನ ಡಬ್ಬಿಗೆ ಕೈ ಹಾಕಿದರು. ಬಾಣ ಇರಲಿಲ್ಲ. ಹೇಗಿದ್ದರೂ ಬಾಗಿಲು ಮುರಿದಿದೆ, ಬಿಲ್ಲು ಚಾವಡಿಗೆ ಬರಬೇಕು ಎಂದು ಯಾರೋ ಹಿಂದಿನಿಂದ ಹೇಳಿದರು. ಬಾಗಿಲನ್ನು ಮುರಿದದ್ದು ಏನು ಎಂದು ನಾನು ಕೇಳಿದೆ. ಪೆನ್ಸಿಲ್ ತೆಗೆದು, ಪತ್ರಿಕೆಗೆ ಬೇಕಾಗಿದೆ, ನೀವೇ ಹೇಳಿ ಎಂದು ಒಬ್ಬೊಬ್ಬರ ಮುಂದೆಯೂ ನಿಂತೆ. ಭರಮಣ್ಣ ಆಕಳಿಸಿ, "ಅವರ ಮುಷ್ಟಿ," ಎಂದ. ಒಬ್ಬ ಹೇಳಿದ ಮೇಲೆ ಉಳಿದವರಿಗೂ ಅದೇ ಕಂಡದ್ದು ನೆನಪಾಯಿತು.

ಮರುದಿನ ಬೆಳಿಗ್ಗೆ ಹಳ್ಳದ ಕೆಳಗಿನ ತಿರುವಿನಲ್ಲಿ ಮುದಿ ಗಂಡು ಸಿಕ್ಕಿತು. ಬಾಣ ಪಕ್ಕೆಯಲ್ಲಿತ್ತು, ಅಕ್ಕನ ಗುರುತು ಅದರ ಮೇಲಿತ್ತು. ಹಿರಿಯರು ಬಂದು ನೋಡಿದರು. ಮಾಂಸ ಬೇಯಲು ಹೊತ್ತು ಹಿಡಿಯಿತು, ಮುದಿ ಮಾಂಸ. ಹಳೆಯ ಬಾಗಿಲಿನ ಹಲಗೆಗಳೇ ಸೌದೆಯಾದವು. ಭಾವ ಇಡೀ ದಿನ ಹಿತ್ತಲಿನಲ್ಲಿ ತೊಗಲು ಕೆರೆಯುತ್ತ ಕುಳಿತಿದ್ದ.

ಕಟ್ಟಳೆಯಂತೆ ಅಡಿವೆಪ್ಪನವರ ಬಾಗಿಲು ಬಿಚ್ಚಿ ತಂದು ಅಕ್ಕನ ಮನೆಗೆ ಹಚ್ಚಿದರು. ನಾಲ್ಕು ಜನ ಹೊತ್ತು ತರುವಾಗ ಹಿಂದೆ ಶಿವಗಂಗವ್ವ ಎಣ್ಣೆಯ ಬಟ್ಟಲು ಹಿಡಿದು ಬಂದು, ವಾರಕ್ಕೊಮ್ಮೆ ತಿಕ್ಕಬೇಕು ಎಂದು ಅಕ್ಕನಿಗೆ ಹೇಳಿಕೊಟ್ಟರು. ಅವರ ಮನೆಯ ಬಾಗಿಲಿಗೆ ಗೋಣಿತಟ್ಟು ಇಳಿಬಿಟ್ಟರು. ಹಬ್ಬ ಬಂದಾಗ ಜನ ಅಕ್ಕನ ಮನೆಯ ಮುಂದೆ ಸಾಲು ನಿಂತು ಬಾಗಿಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಚಳಿ ಬಂದು ಕೊಂಬಿನ ಸದ್ದು ಕೇಳಿದ ದಿನ ಹಿರಿಯರೂ ಅಲ್ಲಿಗೇ ಬಂದರು. ಮುದಿ ಗಂಡಿನ ಮಾತು ಅವರಲ್ಲಿ ಯಾರೂ ಎತ್ತಲಿಲ್ಲ. ಬಾಗಿಲಿನಲ್ಲಿ ಒಂದೂ ತೂತಿಲ್ಲ, ಆದ್ದರಿಂದ ಹದ ನೀವೇ ಹೇಳಬೇಕು ಎಂದರು. "ಹೆಣ್ಣು ಇನ್ನೂ ಮೇಯಾಕ ಹತ್ತ್ಯಾವು. ಹೋಗಿ ಮಲಕೋರಿ," ಎಂದಳು ಅಕ್ಕ. ನಾನು ಅದನ್ನು ಹಾಗೆಯೇ ಬರೆದೆ. ಊರು ಹೋಗಿ ಮಲಗಿತು.

ಮಲಗದವರು ಅಡಿವೆಪ್ಪನವರು ಒಬ್ಬರೇ. ಮರುದಿನ ಬೆಳಿಗ್ಗೆ ಅವರು ಶಾವಿಗೆ ಕೊಡವಿ ಬಿಲ್ಲು ಇಳಿಸಿಕೊಂಡು ಮರಳುಗಾಡಿಗೆ ಹೋಗಿ, ಬದುಕಿನ ಮೊದಲ ಬಾಣ ಬಿಟ್ಟು ಬಂದು, ಗೋಣಿತಟ್ಟಿನ ಪಕ್ಕಕ್ಕೆ ಸರಿದು ಕುಳಿತರು. ದೀಪ ಹಚ್ಚಿದರೂ ಅವರ ಮನೆಗೆ ಏನೂ ಬರಲಿಲ್ಲ. ಓಣಿಗೆ ಬಂದು ತಾವು ಹದ ಹಿಡಿದದ್ದನ್ನು ಎರಡು ಮನೆಗಳವರಿಗೆ ಹೇಳಿದ್ದೂ ಆಯಿತು.

ಸಂಜೆ ಆರೂ ಹತ್ತಕ್ಕೆ ಬಾಣ ಅಕ್ಕನ ಬಾಗಿಲಿಗೆ ಬಂದು ನಾಟಿತ್ತು. ಅದರ ಮೇಲೆ ಅಡಿವೆಪ್ಪನವರ ಗುರುತಿತ್ತು, ಹಿಂಭಾಗದಲ್ಲಿ ಒಂದು ಎಳೆ ಶಾವಿಗೆ ಅಂಟಿತ್ತು. ಅಕ್ಕ ಅದನ್ನು ಕಿತ್ತು ಶಿವಗಂಗವ್ವನ ಕೈಗೆ ಕಳಿಸಿಕೊಟ್ಟಳು. ಮರುದಿನ ಹಿರಿಯರು ಬಂದು ತೂತಿನಲ್ಲಿ ಪೊರಕೆಕಡ್ಡಿ ಆಡಿಸಿ ನೋಡಿ ಇಳಿದು ಹೋದರು. ಆ ವಾರವೆಲ್ಲ ಅವರು ಓಣಿ ಓಣಿ ತಿರುಗಿ ತೂತಿಲ್ಲದ ಬಾಗಿಲು ಹುಡುಕಿದರು. ಶನಿವಾರ ಅವರು ನಮ್ಮ ಪತ್ರಿಕೆಯ ಕಚೇರಿಗೆ ಬಂದರು. ಅಲ್ಲಿ ಬಾಗಿಲು ಹೊಸದು, ಸಂಪಾದಕರು ಬಿಲ್ಲು ಮುಟ್ಟಿದವರಲ್ಲ. ಹಿರಿಯರನ್ನು ಕಂಡು ಸಂಪಾದಕರು ಎದ್ದು ನಿಂತು ಎಲ್ಲರಿಗೂ ಚಹಾ ತರಿಸಿದರು.